ವಿಮಾನ ರದ್ದಾದ ರಾತ್ರಿ ಕೌಂಟರಿನಲ್ಲಿ ಕೊಡುವ ಹಾಳೆಗೆ ಓದದೆ ಸಹಿ ಹಾಕಬೇಡಿ

ಇದನ್ನು ಬರೆಯಲು ಕೂತಾಗಲೂ ಕೋಪ ಇಳಿದಿಲ್ಲ. ಆದರೂ ಬರೆಯಲೇಬೇಕು. ರಜೆ, ಮದುವೆ ಅಂತ ನಮ್ಮವರು ಎಷ್ಟೋ ಜನ ವಿಮಾನದಲ್ಲಿ ಓಡಾಡುತ್ತಾರೆ, ಅವರಿಗಾದರೂ ಹೀಗಾಗಬಾರದು. ವಿಮಾನ ರದ್ದಾದ ಮೇಲೆ ಕೌಂಟರಿನವರು ಕ್ಲಿಪ್‌ಬೋರ್ಡ್ ಮುಂದೆ ಹಿಡಿದು "ಇಲ್ಲೊಂದು ಸಹಿ" ಅಂದರೆ ದಯವಿಟ್ಟು ನಿಲ್ಲಿ. ಹಾಳೆಯನ್ನು ಬಿಡಿಸಿ ಕೈಗೆ ತೆಗೆದುಕೊಂಡು ಓದಿ. ಓದಲು ಬಿಡದಿದ್ದರೆ ಸಹಿ ಹಾಕಲೇಬೇಡಿ. ನಮ್ಮ ಅಕ್ಕ, ಭಾವ, ನನಗೆ ಬರಬೇಕಾದ ಪರಿಹಾರವನ್ನು ಅಂಥದ್ದೇ ಒಂದು ಸಹಿ ತೋರಿಸಿ ತಡೆದು ಕೂತಿದ್ದಾರೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ವಿಷಯ ಈಗ ಗ್ರಾಹಕರ ಆಯೋಗದ ಮುಂದಿದೆ.

ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನೆಂಟರ ಮದುವೆ ಮುಗಿಸಿ ಬೆಂಗಳೂರಿಗೆ ಹೊರಟಿದ್ದೆವು. ರಾತ್ರಿ 9ರ ವಿಮಾನ. ಮೂವರದ್ದೂ ಒಂದೇ ಪಿಎನ್‌ಆರ್. ಚೆಕ್-ಇನ್ ಆಯಿತು, ಬ್ಯಾಗ್ ಒಳಗೆ ಹೋಯಿತು, ಗೇಟ್ ಹತ್ತಿರ ಕೂತೆವು. ಆಮೇಲೆ ಮೆಸೇಜುಗಳು ಶುರುವಾದವು. ಮೊದಲು 11 ಗಂಟೆಗೆ ಅಂದರು. ನಂತರ 12:30. ನಂತರ 2.

ಹೀಗೆ ಕಂತು ಕಂತಾಗಿ ಮುಂದೂಡುವುದು ಯಾಕೆ ಅಂತ ಆಮೇಲೆ ಗೊತ್ತಾಯಿತು. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್ ರೂಮು ಕೊಡಬೇಕು, ಅಲ್ಲಿಗೆ ಕರೆದುಕೊಂಡು ಹೋಗಿ ಬಿಡಬೇಕು. 9ರ ವಿಮಾನಕ್ಕೆ 11, 12:30, 2 ಅಂತ ಹೇಳುತ್ತಾ ಹೋದರೆ ಆ 6 ಗಂಟೆ ಯಾವತ್ತೂ ದಾಟುವುದಿಲ್ಲ ಅಲ್ವಾ? ಅಕ್ಕ ಸ್ವೆಟರ್ ಹೊದ್ದುಕೊಂಡು ಕುರ್ಚಿಯಲ್ಲೇ ಒರಗಿದ್ದಳು. ಮಂಡಿ ನೋವಿನವಳು. ಒಬ್ಬರೂ ಬಂದು ಏನು ಬೇಕು ಅಂತ ಕೇಳಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ರದ್ದು ಅಂತ ಮೆಸೇಜ್ ಬಂತು. ಕಾರಣ: "ಆಪರೇಷನಲ್ ರೀಸನ್ಸ್". ಈ ಪದ ನೆನಪಿಟ್ಟುಕೊಳ್ಳಿ.

ಕೌಂಟರಿನ ಮುಂದೆ ಜನವೋ ಜನ. ಮಕ್ಕಳು ಅಳುತ್ತಿದ್ದವು. ಕೌಂಟರಿನ ಹುಡುಗ ಎಲ್ಲರೆದುರೇ ಹೇಳಿದ, ಪೈಲಟ್ ಡ್ಯೂಟಿ ಸಮಯ ಮುಗಿದಿದೆ, ಬೇರೆ ಪೈಲಟ್ ಇಲ್ಲ ಅಂತ. ಬದಲಿ ವಿಮಾನ ಯಾವಾಗ ಅಂದರೆ ನಾಡಿದ್ದು ಸಂಜೆ. ಅಲ್ಲಿಯವರೆಗೆ ನಾವೆಲ್ಲಿರಬೇಕು? "ರಿಫಂಡ್ ತಗೊಳ್ಳಿ ಸರ್, ದುಡ್ಡು ಪೂರ್ತಿ ಬರುತ್ತೆ, ಮೇಲೆ ಪರಿಹಾರನೂ ಬರುತ್ತೆ" ಅಂದ. ಅವನ ಬಾಯಿಂದಲೇ ಬಂದ ಮಾತಿದು. ರಿಫಂಡ್ ಅಂದೆವು. ಬೆಳಿಗ್ಗೆ ಬೇರೆ ಕಂಪನಿಯ ಟಿಕೆಟ್ ತೆಗೆದುಕೊಂಡೆವು. ಕೊನೇ ಗಳಿಗೆಯ ಟಿಕೆಟ್ ದರ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಈಗ ಆ ಸಹಿಯ ಕಥೆ. ಇದನ್ನು ಸರಿಯಾಗಿ ಓದಿ.

ಭಾವ ಸಾಲಿನಲ್ಲಿ ಮುಂದಿದ್ದರು, ನಾನು ಅವರ ಹಿಂದೆಯೇ ಬ್ಯಾಗ್ ಹಿಡಿದು ನಿಂತಿದ್ದೆ. ಇನ್ನೊಬ್ಬ ಸಿಬ್ಬಂದಿ ಕ್ಲಿಪ್‌ಬೋರ್ಡ್ ತಂದ. ಮೇಲೆ ಊಟದ ಕೂಪನ್ ಪಟ್ಟಿ: ಹೆಸರು, ಪಿಎನ್‌ಆರ್, ಎಷ್ಟು ಜನ, ಸಹಿ. ಭಾವ ಸಹಿ ಹಾಕಿದರು. ಆಗ ಅವನು ಆ ಹಾಳೆಯ ಕೆಳಗಿನ ಅಂಚನ್ನು ಮಾತ್ರ ಹೆಬ್ಬೆರಳಿನಿಂದ ಮೇಲಕ್ಕೆ ಮಡಚಿದ. ಅಡಿಯಲ್ಲಿದ್ದ ಇನ್ನೊಂದು ಹಾಳೆಯ ಕೊನೆಯ ಗೆರೆ ಅಷ್ಟೇ ಕಾಣಿಸಿತು. "ಇಲ್ಲೂ ಒಂದು ಅಂಕಲ್, ಕೂಪನ್‌ಗೇ, ಆಫೀಸ್ ಕಾಪಿ" ಅಂತ ಹಿಂದಿಯಲ್ಲಿ ಹೇಳಿದ. ಹಿಂದೆ ಜನ ನೂಕುತ್ತಿದ್ದರು. ಭಾವ ಅದಕ್ಕೂ ಸಹಿ ಹಾಕಿದರು. ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ಸಿಗುವ ಕೂಪನ್ ಕೈಗೆ ಬಂತು. ಇಷ್ಟೇ ನಡೆದದ್ದು.

ಊರಿಗೆ ಬಂದ ಮೇಲೆ ರಿಫಂಡ್ ಬಂತು. ಪರಿಹಾರ ಬರಲಿಲ್ಲ. ನಿಯಮ ಸ್ಪಷ್ಟವಾಗಿದೆ. ಮೊದಲೇ ತಿಳಿಸದೆ ರದ್ದು ಮಾಡಿದರೆ, ಬದಲಿ ವಿಮಾನ ಒಪ್ಪದವರಿಗೆ ಟಿಕೆಟ್ ಹಣ ವಾಪಸ್ ಕೊಟ್ಟು ಅದರ ಮೇಲೆ ಪರಿಹಾರ ಕೊಡಬೇಕು. ಒಂದು ಗಂಟೆಯೊಳಗಿನ ಪ್ರಯಾಣಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದ್ದಕ್ಕೆ 7,500, ಎರಡು ಗಂಟೆಗಿಂತ ಜಾಸ್ತಿಯದ್ದಕ್ಕೆ 10,000. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ದೆಹಲಿ-ಬೆಂಗಳೂರು ಎರಡು ಗಂಟೆಗಿಂತ ಜಾಸ್ತಿ. ಮೂವರಿಗೂ ಲೆಕ್ಕ ಹಾಕಿ ಮೇಲ್ ಮಾಡಿದೆ.

ಮೊದಲ ಉತ್ತರ: "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಪ್ರತಿಕೂಲ ಹವಾಮಾನದಿಂದ ವಿಮಾನ ರದ್ದಾಗಿದೆ. ಇದು ನಮ್ಮ ನಿಯಂತ್ರಣ ಮೀರಿದ್ದು, ಆದ್ದರಿಂದ ಪರಿಹಾರ ಅನ್ವಯಿಸುವುದಿಲ್ಲ."

ಹವಾಮಾನ! ಅವರದೇ ಮೆಸೇಜಿನಲ್ಲಿ ಆ ಮಾತೇ ಇಲ್ಲ. ಹವಾಮಾನ, ಗಲಭೆ, ಮುಷ್ಕರದಂಥ ಕಾರಣಕ್ಕೆ ರದ್ದಾದರೆ ಪರಿಹಾರ ಕೊಡಬೇಕಿಲ್ಲ ಅಂತ ನಿಯಮದಲ್ಲಿದೆ, ಅದಕ್ಕೇ ಆ ಪದ. ಡಿಸೆಂಬರ್, ದೆಹಲಿ ಅಂದರೆ ಮಂಜು ಅಂತ ಯಾರಾದರೂ ನಂಬುತ್ತಾರೆ. ಆದರೆ ಆ ರಾತ್ರಿ ನಮ್ಮ ಕಣ್ಣೆದುರೇ ಬೇರೆ ಕಂಪನಿಯ ಬೆಂಗಳೂರು ವಿಮಾನ ಹೊರಟಿತ್ತು. ಬೋರ್ಡಿನ ಫೋಟೋ ನನ್ನ ಫೋನಿನಲ್ಲಿದೆ. ನಿಲ್ದಾಣದ ಹವಾಮಾನ ವರದಿ, ಮೆಟಾರ್ ಅಂತಾರೆ, ಅರ್ಧ ಗಂಟೆಗೊಮ್ಮೆ ಬರುತ್ತದೆ. ಹಳೆಯದೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಆ ರಾತ್ರಿಯದ್ದನ್ನು ತೆಗೆದು ನೋಡಿದೆ. ಮಂಜಿನ ಸುದ್ದಿಯೇ ಇರಲಿಲ್ಲ. ಎಲ್ಲವನ್ನೂ ಸೇರಿಸಿ ಮತ್ತೆ ಮೇಲ್ ಹಾಕಿದೆ.

ಆಮೇಲೆ ಹವಾಮಾನದ ಮಾತೇ ಎತ್ತಲಿಲ್ಲ! ಹೊಸ ಉತ್ತರ ಬಂತು: "ನಮ್ಮ ದಾಖಲೆಯಂತೆ ಪ್ರಯಾಣಿಕರು ನಗದು ಪರಿಹಾರದ ಬದಲು ತಲಾ 2,000 ರೂಪಾಯಿಯ ಟ್ರಾವೆಲ್ ವೋಚರ್ ಪಡೆಯಲು ಲಿಖಿತವಾಗಿ ಒಪ್ಪಿದ್ದಾರೆ. ವಿಷಯ ಮುಕ್ತಾಯವಾಗಿದೆ."

ಜೊತೆಗೊಂದು ಚಿತ್ರ. ಭಾವನ ಸಹಿ. ಕ್ಲಿಪ್‌ಬೋರ್ಡಿನ ಅಡಿಯಿಂದ ಕಂಡಿದ್ದ ಅದೇ ಗೆರೆ.

ಅದನ್ನು ನೋಡಿದಾಗ ಮೈ ಉರಿದುಹೋಯಿತು. ಭಾವನಿಗೆ ತೋರಿಸಿದೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ನನ್ನ ಕೈಯಿಂದಲೇ ಹಾಕಿಸಿಕೊಂಡ್ರಲ್ಲೋ" ಅಂದರು. "ಭಾವ, ನಿಮ್ಮದೇನೂ ತಪ್ಪಿಲ್ಲ, ಸುಳ್ಳು ಹೇಳಿ ಹಾಕಿಸಿಕೊಂಡಿದ್ದಾರೆ" ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. ಇವತ್ತಿಗೂ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ. ದುಡ್ಡಿಗಿಂತ ಜಾಸ್ತಿ ನನಗೆ ಸಿಟ್ಟು ಬಂದಿರುವುದು ಇದಕ್ಕೆ. ಮಧ್ಯರಾತ್ರಿ ದಣಿದು ನಿಂತ ಹಿರಿಯರಿಗೆ "ಕೂಪನ್‌ಗೇ ಅಂಕಲ್" ಅಂತ ಸುಳ್ಳು ಹೇಳಿದರಲ್ಲ, ಅದಕ್ಕೆ.

ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕ್ ಖಾತೆಗೆ ಕೊಡಬೇಕು. ವೋಚರ್ ಕೊಡಬೇಕಾದರೆ ಪ್ರಯಾಣಿಕರ ಸಹಿ ಇರುವ ಒಪ್ಪಿಗೆ ಬೇಕು. ನಿಯಮದಲ್ಲಿ ಹೀಗಿದೆ. ಸಹಿ ಯಾಕೆ ಬೇಕಿತ್ತು ಅಂತ ಈಗ ಅರ್ಥವಾಯಿತಲ್ಲ? ಅದೂ ಅಲ್ಲದೆ ಅಕ್ಕನೂ ನಾನೂ ಎಲ್ಲಿಯೂ ಸಹಿ ಹಾಕಿಲ್ಲ. ಒಬ್ಬರ ಸಹಿಯಲ್ಲಿ ಮೂವರ ಹಕ್ಕು ಹೇಗೆ ಮುಗಿಯುತ್ತದೆ? ಕೇಳಿದೆ. "ಒಂದೇ ಪಿಎನ್‌ಆರ್ ಆದ್ದರಿಂದ" ಅಂದರು. ಹಾಳೆ ಪೂರ್ತಿ ಕಳಿಸಿ ಅಂದೆ. "ಆಂತರಿಕ ದಾಖಲೆ, ಹಂಚಿಕೊಳ್ಳಲಾಗದು" ಅಂದರು. ನಮ್ಮ ಸಹಿ ಇರುವ ಹಾಳೆಯನ್ನು ನಮಗೇ ತೋರಿಸುವುದಿಲ್ಲವಂತೆ. ಫೋನ್ ಮಾಡಿದರೆ ಪ್ರತಿ ಸಲ ಬೇರೆ ಬೇರೆಯವರು ಎತ್ತುತ್ತಾರೆ, ಪ್ರತಿ ಸಲ ಮೊದಲಿಂದ ಹೇಳಬೇಕು. ಕೊನೆಗೆ ಒಬ್ಬಾಕೆ "ವೋಚರ್ ಮೊತ್ತ ಸ್ವಲ್ಪ ಜಾಸ್ತಿ ಮಾಡಿಸ್ತೀನಿ ಸರ್, ದೂರು ವಾಪಸ್ ತಗೊಳ್ಳಿ" ಅಂದರು. ಒಪ್ಪಲಿಲ್ಲ. ವಿಷಯ ಮುಗಿದಿದ್ದರೆ ಮೊತ್ತ ಜಾಸ್ತಿ ಮಾಡುವ ಮಾತು ಯಾಕೆ ಬರಬೇಕು?

ಇದರ ನಡುವೆ ಸೋಶಿಯಲ್ ಮೀಡಿಯಾದಲ್ಲಿ ದೂರಿದ ಕೂಡಲೇ ಕಂಪನಿಯ ಲೋಗೋ ಹಾಕಿಕೊಂಡ ನಕಲಿ ಖಾತೆಯೊಂದು "ನಿಮ್ಮ ನಂಬರ್ ಕೊಡಿ, ಈಗಲೇ ರಿಫಂಡ್ ಮಾಡ್ತೀವಿ" ಅಂತ ಬಂತು. ಅಂಥವರಿಗೆ ನಂಬರ್ ಕೊಡಬೇಡಿ, ಅವರು ಕಳಿಸುವ ಆ್ಯಪ್ ಹಾಕಿಕೊಳ್ಳಬೇಡಿ.

ನೀವು ಸಿಕ್ಕಿಹಾಕಿಕೊಂಡರೆ ರದ್ದಾದ ಮೆಸೇಜ್, ಬೋರ್ಡ್, ಬೋರ್ಡಿಂಗ್ ಪಾಸ್ ಎಲ್ಲದರ ಫೋಟೋ ಇಟ್ಟುಕೊಳ್ಳಿ. ಸಹಿ ಹಾಕಲೇಬೇಕಾದರೆ "ಊಟದ ಕೂಪನ್‌ಗೆ ಮಾತ್ರ" ಅಂತ ಪಕ್ಕದಲ್ಲಿ ಬರೆದು ಫೋಟೋ ತೆಗೆಯಿರಿ. ಬುಕ್ ಮಾಡುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಸರಿಯಾದ ನಂಬರ್ ಕೊಟ್ಟಿಲ್ಲ ಅಂದರೆ ಪರಿಹಾರವೇ ಇಲ್ಲ. ಕಂಪನಿ ಕೇಳದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದೆಹಲಿಗೆ ಹೋಗಬೇಕಿಲ್ಲ, 2019ರ ಕಾಯ್ದೆಯಂತೆ ನಾವಿರುವ ಊರಿನಲ್ಲೇ ಹಾಕಬಹುದು. ಗ್ರಾಹಕರ ಆಯೋಗಗಳ ವೆಬ್‌ಸೈಟ್ ಇ-ಜಾಗೃತಿಯಲ್ಲಿ ಆನ್‌ಲೈನ್ ಆಗಿಯೇ ಆಗುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕು ಅಂತಿಲ್ಲ. ನಾನೂ ಹಾಗೇ ಹಾಕಿದ್ದೇನೆ. ಆ ಹಾಳೆಯ ಮೂಲ ಪ್ರತಿ ತಂದು ತೋರಿಸಲಿ ಅಂತ ಕೇಳಿದ್ದೇನೆ. ಘಟನೆ ನಡೆದು 2 ವರ್ಷದೊಳಗೆ ದೂರು ಹಾಕಬೇಕು. ಆ ರಾತ್ರಿ ನಮ್ಮ ಸಾಲಿನಲ್ಲಿ ನಿಂತವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಹಾಕಿ, ಇನ್ನೂ ಸಮಯವಿದೆ.