ಅರ್ಬನ್ ಡಿಕ್ಷನರಿ: ಅರ್ಥ ಬಿಡಿ, ಉದಾಹರಣೆ ಓದಿ

ಮನೆಯ ಮಕ್ಕಳ ಮೆಸೇಜ್ ಅರ್ಥವಾಗುತ್ತಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಅರ್ಬನ್ ಡಿಕ್ಷನರಿಯ ಹೆಸರು. ಇಂಗ್ಲಿಷ್ ಆಡುಮಾತಿಗೆ ಅರ್ಥ ಹೇಳುವ ಜಾಲತಾಣ ಅದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ, ಪದ ಟೈಪ್ ಮಾಡಿದರೆ ಸಾಕು. ಆದರೆ ಮಾಮೂಲಿ ನಿಘಂಟು ಓದುವ ಹಾಗೆ ಇದನ್ನು ಓದಿದರೆ ದಾರಿ ತಪ್ಪುವುದು ಖಂಡಿತ. ಇದನ್ನು ಓದುವ ರೀತಿಯೇ ಬೇರೆ.

ನಾನು ಬಹಳ ವರ್ಷ ಪ್ರೂಫ್ ತಿದ್ದುವ ಕೆಲಸ ಮಾಡಿದವಳು. ಯಾವ ನಿಘಂಟು ಕೈಗೆ ಸಿಕ್ಕಿದರೂ ನನ್ನ ಕಣ್ಣು ಮೊದಲು ಹೋಗುವುದು ಉದಾಹರಣೆಯ ವಾಕ್ಯಕ್ಕೆ. ಆ ಅಭ್ಯಾಸ ಇಲ್ಲಿ ನನ್ನ ಕೈ ಹಿಡಿಯಿತು.

ಈ ತಾಣವನ್ನು 1999ರಲ್ಲಿ ಶುರು ಮಾಡಿದವರು ಆರನ್ ಪೆಕ್ಹ್ಯಾಮ್. ಆಗ ಅವರು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಕಾಲೇಜು ಹುಡುಗ. ದೊಡ್ಡ ನಿಘಂಟುಗಳನ್ನು ಅಣಕಿಸಲು ಮಾಡಿದ್ದು ಅದು. ಆ ಅಣಕದ ಗುಣ ಇವತ್ತಿಗೂ ಹೋಗಿಲ್ಲ. ಇಲ್ಲಿ ಯಾರು ಬೇಕಾದರೂ ಪದ ಸೇರಿಸಬಹುದು, ಅರ್ಥ ಬರೆಯಬಹುದು. ಓದಿದವರು ಹೆಬ್ಬೆರಳು ಮೇಲೋ ಕೆಳಗೋ ಒತ್ತುತ್ತಾರೆ. ಜಾಸ್ತಿ ಮೆಚ್ಚುಗೆ ಬಿದ್ದದ್ದು ಮೇಲೆ ಬರುತ್ತದೆ. ಹಾಗಾಗಿ ಮೇಲಿರುವುದು ಸರಿಯಾದ ಅರ್ಥ ಎಂದೇನೂ ಇಲ್ಲ, ಜನರಿಗೆ ನಗು ತರಿಸಿದ್ದೂ ಇರಬಹುದು. ಗೆಳತಿಯ ಹೆಸರನ್ನೇ ಪದ ಮಾಡಿ, ‘ಲೋಕದಲ್ಲೇ ಒಳ್ಳೆಯ ಹುಡುಗಿ’ ಎಂದು ಅರ್ಥ ಬರೆದವರೂ ಇದ್ದಾರೆ.

ಪ್ರತಿ ಪದದ ಕೆಳಗೆ ಅರ್ಥ, ಓರೆ ಅಕ್ಷರದಲ್ಲಿ ಒಂದು ಉದಾಹರಣೆ, ಬರೆದವರ ಅಡ್ಡಹೆಸರು ಮತ್ತು ತಾರೀಖು ಇರುತ್ತವೆ. ನಾನು ಓದುವುದು ತಲೆಕೆಳಗಾಗಿ. ಮೊದಲು ತಾರೀಖು, ಆಮೇಲೆ ಉದಾಹರಣೆ, ಕೊನೆಗೆ ಅರ್ಥ. ಅರ್ಥ ಬರೆಯುವಾಗ ಜನ ಜಾಣತನ ತೋರಿಸುತ್ತಾರೆ. ಉದಾಹರಣೆ ಬರೆಯುವಾಗ ಮಾತ್ರ ತಾವು ದಿನಾ ಮಾತಾಡುವ ಹಾಗೇ ಬರೆದುಬಿಡುತ್ತಾರೆ. ನಮಗೆ ಬೇಕಾದ್ದು ಅದೇ ಅಲ್ವಾ? ಯಾರು ಯಾರಿಗೆ, ಯಾವ ಸಂದರ್ಭದಲ್ಲಿ ಅನ್ನುತ್ತಾರೆ ಎನ್ನುವುದು ಆ ಎರಡು ಸಾಲಿನಲ್ಲಿ ಸಿಗುತ್ತದೆ.

ಒಂದು ಪದ ತೆಗೆದುಕೊಳ್ಳೋಣ. ಪರೀಕ್ಷೆಯ ಹಿಂದಿನ ದಿನ ನನ್ನ ತಂಗಿಯ ಮಗಳು ‘ಐ ಆಮ್ ಸೋ ಕುಕ್ಡ್ ದೊಡ್ಡಮ್ಮ’ ಎಂದು ಕಳಿಸಿದಳು. ಅಂದರೆ ನನ್ನ ಕತೆ ಮುಗೀತು, ಇನ್ನು ದೇವರೇ ಕಾಪಾಡಬೇಕು ಅಂತ. ಆದರೆ ‘ಲೆಟ್ ಹಿಮ್ ಕುಕ್’ ಎಂದರೆ ಸುಮ್ನೆ ಬಿಡಿ, ಅವನೇನೋ ಒಳ್ಳೆಯದು ಮಾಡುತ್ತಿದ್ದಾನೆ, ನಡುವೆ ಬಾಯಿ ಹಾಕಬೇಡಿ ಎಂದು. ಒಂದು ಸೋಲಿನ ಮಾತು, ಇನ್ನೊಂದು ಮೆಚ್ಚುಗೆ. ಬರೀ ‘ಕುಕ್’ ಎಂದು ಹುಡುಕಿದರೆ ಎರಡೂ ಕಲಸಿಹೋಗುತ್ತವೆ. ಇಡೀ ವಾಕ್ಯ ಹಾಕಿ ಹುಡುಕಿ. ಅರ್ಬನ್ ಡಿಕ್ಷನರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ದೊಡ್ಡ ನಿಘಂಟುಗಳು ಪದಕ್ಕೆ ಹೆಚ್ಚು ಗಮನ ಕೊಡುತ್ತವೆ. ಇಲ್ಲಿ ಇಡೀ ಮಾತಿಗೂ ಒಂದು ಪುಟ ಇರುತ್ತದೆ.

ತಾರೀಖು ಯಾಕೆ ಮುಖ್ಯ ಎಂದರೆ, ಈ ಮಾತುಗಳು ಬೇಗ ಬಣ್ಣ ಬದಲಿಸುತ್ತವೆ. ಹತ್ತು ವರ್ಷದ ಹಿಂದಿನ ವಿವರಣೆಗೆ ಸಾವಿರಾರು ಮೆಚ್ಚುಗೆ ಬಿದ್ದಿರಬಹುದು. ಮಕ್ಕಳು ಈಗ ಹೇಳುತ್ತಿರುವುದು ಅದಲ್ಲದೆಯೂ ಇರಬಹುದು. ಹೊಸದಾಗಿ ಬರೆದ ಒಂದೆರಡನ್ನಾದರೂ ಹುಡುಕಿ ಓದಿ. ಬೇರೆ ಬೇರೆ ಜನ ಬರೆದ ಉದಾಹರಣೆಗಳಲ್ಲಿ ಒಂದೇ ಭಾವ ಕಂಡರೆ ಅದನ್ನು ನಂಬಬಹುದು.

ಇನ್ನು ದೊಡ್ಡ ಕೊರತೆ. ಅಶ್ಲೀಲ ಇಲ್ಲಿ ವಿಪರೀತ. ತೀರಾ ಸಾಧುವಾದ ಪದಕ್ಕೂ ಯಾರೋ ಒಬ್ಬರು ಹೊಲಸು ಅರ್ಥ ಬರೆದಿರುತ್ತಾರೆ. ಜನಾಂಗದ ಮೇಲೆ, ಹೆಣ್ಣುಮಕ್ಕಳ ಮೇಲೆ ಕೆಟ್ಟದಾಗಿ ಬರೆದದ್ದೂ ಇದೆ. ಐಬಿಎಂ ಕಂಪನಿಯವರು ತಮ್ಮ ವಾಟ್ಸನ್ ಕಂಪ್ಯೂಟರಿಗೆ ಆಡುಮಾತು ಕಲಿಸಲೆಂದು ಈ ಇಡೀ ನಿಘಂಟನ್ನು ಓದಿಸಿದ್ದರು. ಅದು ಪ್ರಶ್ನೆಗಳಿಗೆ ಬೈಗುಳ ಸೇರಿಸಿ ಉತ್ತರ ಕೊಡತೊಡಗಿತು. ಯಾವುದು ಮರ್ಯಾದೆಯ ಮಾತು, ಯಾವುದು ಅಲ್ಲ ಎಂದು ಅದಕ್ಕೆ ತಿಳಿಯಲಿಲ್ಲ. ಕೊನೆಗೆ ಓದಿಸಿದ್ದನ್ನೆಲ್ಲ ತೆಗೆದುಹಾಕಬೇಕಾಯಿತು. 2013ರಲ್ಲಿ ಸುದ್ದಿಯಾದ ವಿಷಯ ಇದು. ಹೊರಗಿನಿಂದ ಬಂದು ಓದುವ ನಮಗೂ ಅದೇ ಕಷ್ಟ. ಪದದ ಅರ್ಥ ಸಿಗುತ್ತದೆ, ಅದನ್ನು ಯಾರ ಮುಂದೆ ಆಡಬಾರದು ಎನ್ನುವುದು ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಇದನ್ನು ಕೇಳಿಸಿಕೊಳ್ಳಲು ಬಳಸಿ, ಮಾತಾಡಲು ಬೇಡ. ಚಿಕ್ಕ ಮಕ್ಕಳ ಕೈಗಂತೂ ಕೊಡಲೇಬೇಡಿ.

ಪದ ಎಲ್ಲಿಂದ ಬಂತು ಎನ್ನುವುದಕ್ಕೂ ಈ ತಾಣ ಸಾಲದು. ‘ನೋ ಕ್ಯಾಪ್’ ಅಂದರೆ ಸುಳ್ಳಲ್ಲ, ನಿಜವಾಗಿಯೂ ಎಂದರ್ಥ. ಇದನ್ನು ಈಗಿನ ಹುಡುಗರು ಹುಟ್ಟಿಸಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಇದು ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದದ್ದು. ‘ಸ್ಲೇ’ ಎಂಬ ಹೊಗಳಿಕೆ ಹರಡಿದ್ದು ನ್ಯೂಯಾರ್ಕಿನ ಬಾಲ್‌ರೂಮ್ ಎಂಬ ವೇಷ, ನೃತ್ಯದ ಸ್ಪರ್ಧೆಯ ಕೂಟಗಳಿಂದ. ಅಲ್ಲಿ ಸೇರುತ್ತಿದ್ದವರು ಕಪ್ಪು ಮತ್ತು ಲ್ಯಾಟಿನೋ ಸಮುದಾಯದ ಸಲಿಂಗಿಗಳು, ಲಿಂಗಪರಿವರ್ತಿತರು. ಯಾರದೋ ಮಾತನ್ನು ‘ಹೊಸ ಪೀಳಿಗೆಯ ಭಾಷೆ’ ಎಂದು ಕರೆದು ಅವರ ಹೆಸರು ಅಳಿಸಿಬಿಡುವುದು ನನಗೆ ಸಂಕಟ ಕೊಡುತ್ತದೆ. ಹಾಗಾಗಿ ಮೂಲ ಬೇಕೆಂದಾಗ ನಾನು ಅಮೆರಿಕದ ಹಳೆಯ ನಿಘಂಟಾದ ಮೆರಿಯಮ್ ವೆಬ್‌ಸ್ಟರ್ ತಾಣದಲ್ಲಿರುವ ಸ್ಲ್ಯಾಂಗ್, ಅಂದರೆ ಆಡುಮಾತಿನ ಪುಟಗಳಿಗೆ ಹೋಗುತ್ತೇನೆ. ಅಲ್ಲಿ ಪದಗಳು ಕಡಿಮೆ, ಬರುವುದೂ ತಡ. ಆದರೆ ಬರಹ ಶುದ್ಧ, ಮೂಲವನ್ನೂ ಹೇಳುತ್ತಾರೆ. ಮೊದಲು ಅದನ್ನು ನೋಡಿ, ಅಲ್ಲಿ ಸಿಗದಿದ್ದರೆ ಅರ್ಬನ್ ಡಿಕ್ಷನರಿಗೆ ಬರುವುದೂ ಒಳ್ಳೆಯ ಕ್ರಮವೇ.

ದೊಡ್ಡ ನಿಘಂಟಿನವರೂ ಈಗ ಈ ಮಾತುಗಳಿಗೆ ಬಾಗಿಲು ತೆರೆದಿದ್ದಾರೆ. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದವಾಗಿ ಆರಿಸಿದ್ದು ‘ರಿಜ್’. ಕರಿಸ್ಮಾ ಎಂಬ ಪದದ ನಡುವಿನ ತುಂಡು ಅದು. ಎದುರಿನವರನ್ನು ಮಾತಿನಲ್ಲೇ ಸೆಳೆಯುವ ಗುಣ ಎಂದರ್ಥ. ಕೇಂಬ್ರಿಡ್ಜ್ ನಿಘಂಟು 2025ರಲ್ಲಿ ‘ಸ್ಕಿಬಿಡಿ’ಯನ್ನು ಸೇರಿಸಿತು. ಅವರ ವಿವರಣೆ ನನಗೆ ಹಿಡಿಸಿತು. ಒಳ್ಳೆಯದು ಎಂದೂ ಆಗಬಹುದು, ಕೆಟ್ಟದ್ದು ಎಂದೂ ಆಗಬಹುದು, ಅರ್ಥವೇ ಇಲ್ಲದೆಯೂ ಬಳಸಬಹುದು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅದೇ ವರ್ಷ ಡಿಕ್ಷನರಿ ಡಾಟ್ ಕಾಮ್‌ನವರು ‘ಸಿಕ್ಸ್ ಸೆವೆನ್’ ಎಂಬ ಸಂಖ್ಯೆಯನ್ನೇ ವರ್ಷದ ಪದ ಮಾಡಿದರು. ಒಂದು ರ‍್ಯಾಪ್ ಹಾಡಿನಿಂದ ಹರಡಿದ ಕೂಗು ಅದು. ಎರಡೂ ಅಂಗೈ ಮೇಲೆ ಮಾಡಿ ತಕ್ಕಡಿಯ ಹಾಗೆ ಏರಿಸಿ ಇಳಿಸುತ್ತಾ ಮಕ್ಕಳು ಹೇಳುತ್ತಾರೆ. ಇದಕ್ಕೆ ಅರ್ಥ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರೂ ಸೇರಿ ಕೂಗುವುದೇ ಅದರ ಖುಷಿ.

ಪದವೇ ಅಲ್ಲದ ಸಂಗತಿಗಳು ಯಾವ ನಿಘಂಟಿಗೂ ಅಷ್ಟಾಗಿ ಸಿಗುವುದಿಲ್ಲ. ತಲೆಬುರುಡೆಯ ಎಮೋಜಿ ಬಂದರೆ ಗಾಬರಿಯಾಗಬೇಡಿ, ನಕ್ಕು ನಕ್ಕು ಸತ್ತೆ ಎಂದು ಹೇಳುವ ರೀತಿ ಅದು. ಪೂರ್ಣವಿರಾಮದ ಕತೆ ಇನ್ನೂ ಸೂಕ್ಷ್ಮ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಕಾಲೇಜು ವಿದ್ಯಾರ್ಥಿಗಳ ಜೊತೆ ಒಂದು ಅಧ್ಯಯನ ಮಾಡಿದರು. ಮೆಸೇಜಿನಲ್ಲಿ ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ, ಅದು ಮನಸ್ಸಿನಿಂದ ಬಂದದ್ದಲ್ಲ ಎಂದು ಆ ವಿದ್ಯಾರ್ಥಿಗಳಿಗೆ ಅನಿಸಿತ್ತು. ಕೈಬರಹದ ಚೀಟಿಯಲ್ಲಿ ಹಾಗೆ ಅನಿಸಲಿಲ್ಲ. ಜೀವನವಿಡೀ ಪೂರ್ಣವಿರಾಮ ಹಾಕಿದ ನನಗೆ ಇದು ದೊಡ್ಡ ಪಾಠ. ಈಗ ತಂಗಿಯ ಮಗಳಿಗೆ ‘ಸರಿ’ ಎಂದು ಕಳಿಸುವಾಗ ಮುಂದೆ ಏನೂ ಹಾಕುವುದಿಲ್ಲ.

ಮಕ್ಕಳನ್ನೇ ಕೇಳುವವರಿಗೂ ಒಂದು ಮಾತು. ‘ಇದರ ಅರ್ಥ ಏನು’ ಎಂದು ಕೇಳಿದರೆ ‘ಅಯ್ಯೋ, ಅದು ಹಾಗೇ’ ಎಂದು ಜಾರಿಕೊಳ್ಳುತ್ತಾರೆ. ‘ಇದನ್ನ ಯಾರಿಗೆ ಹೇಳ್ತೀಯ, ಯಾರಿಗೆ ಹೇಳಲ್ಲ’ ಎಂದು ಕೇಳಿ ನೋಡಿ. ‘ಬ್ರೋ’ ಬಗ್ಗೆ ನಾನು ಹೀಗೆ ಕೇಳಿದಾಗ ನಮ್ಮ ಹುಡುಗಿ ಸರಾಗವಾಗಿ ಹೇಳಿದಳು: ಗೆಳತಿಯರಿಗೂ ಬ್ರೋ, ತಮ್ಮನಿಗೂ ಬ್ರೋ, ಬಿದ್ದುಹೋದ ಫೋನಿಗೂ ಬ್ರೋ. ಟೀಚರಿಗೆ ಮಾತ್ರ ಯಾವತ್ತೂ ಇಲ್ಲ. ‘ನಿಮಗೆ ಹೇಳಬಹುದು ದೊಡ್ಡಮ್ಮ, ಆದರೆ ಜಗಳ ಆಡುವಾಗ ಹೇಳಲ್ಲ’ ಎಂದಳು.