ಲೈಮಾ ದಾರಿಯಲ್ಲಿ ‘ಗ್ಲೀ’: ನಾಲ್ಕು ಸಿ.ಡಿ.ಗಳಲ್ಲಿ ಕಾರಿನಲ್ಲಿ ಉಳಿದದ್ದು ಒಂದು

ಶಾಲೆಯ ಗಾಯನ ತಂಡವೊಂದರ ಕತೆ ಹೇಳುವ ಅಮೆರಿಕದ ಟಿ.ವಿ. ಧಾರಾವಾಹಿ ‘ಗ್ಲೀ’ಯ ಹಾಡುಗಳ ನಾಲ್ಕು ಸಿ.ಡಿ.ಗಳು ನನ್ನ ಬಳಿ ಇವೆ; ಅವುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ 2011ರ ಏಪ್ರಿಲ್‌ನಲ್ಲಿ ಬಂದ ‘ವಾರ್ಬ್ಲರ್ಸ್’ ಸಂಕಲನವನ್ನು ಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದ ಮೂರರ ಬಗ್ಗೆ ಬರೆಯುತ್ತಿರುವುದು ಅವುಗಳಿಗೂ ನಾನು ದುಡ್ಡು ಕೊಟ್ಟಿದ್ದೇನೆ ಎಂಬ ಕಾರಣಕ್ಕೆ; ಜೊತೆಗೆ ಅವುಗಳಲ್ಲೊಂದು ನನ್ನನ್ನು ಎರಡು ವಾರ ಸತಾಯಿಸಿತು ಎಂಬ ಕಾರಣಕ್ಕೆ.

ನಾನಿರುವುದು ಒಹಾಯೋ ರಾಜ್ಯದ ಡೇಟನ್‌ನಲ್ಲಿ. ಕೆಲಸದ ನಿಮಿತ್ತ ವಾರಕ್ಕೊಮ್ಮೆ ಇಂಟರ್‌ಸ್ಟೇಟ್ 75 ಹೆದ್ದಾರಿ ಹಿಡಿದು ಉತ್ತರದ ಲೈಮಾ ಊರಿಗೆ ಹೋಗಿ ಬರಬೇಕಾಗುತ್ತದೆ. ಒಂದು ಕಡೆಗೆ 70 ಮೈಲಿಗೆ ತುಸು ಹೆಚ್ಚು, ಸಮಯ ಒಂದು ಗಂಟೆಯ ಮೇಲೆ ಸ್ವಲ್ಪ. ಕಾರು ಹಳೆಯದು. ಅದರಲ್ಲಿ ಸಿ.ಡಿ. ಪ್ಲೇಯರ್ ಇದೆಯೇ ಹೊರತು ಫೋನ್ ಜೋಡಿಸಲು ದಾರಿಯಿಲ್ಲ. ‘ಗ್ಲೀ’ಯ ಕತೆ ನಡೆಯುವುದು ಇದೇ ಲೈಮಾದಲ್ಲಿರುವ, ಆದರೆ ಕಲ್ಪನೆಯದಾದ, ಮೆಕಿನ್ಲಿ ಹೈಸ್ಕೂಲಿನಲ್ಲಿ ಎಂಬುದು ತಿಳಿದ ದಿನವೇ ಈ ಹುಚ್ಚು ಹತ್ತಿತು. ಚಿತ್ರೀಕರಣದ ಬಹುಪಾಲು ನಡೆದದ್ದು ಲಾಸ್ ಏಂಜಲೀಸ್‌ನ ಪ್ಯಾರಾಮೌಂಟ್ ಸ್ಟುಡಿಯೋ ಕಡೆಯಲ್ಲಿ. ಅಸಲಿ ಲೈಮಾದ ಸಹೋದ್ಯೋಗಿಯೊಬ್ಬರು ಆ ವಿಷಯ ಎತ್ತಿದಾಗಲೆಲ್ಲ ನಕ್ಕು ಸುಮ್ಮನಾಗುತ್ತಾರೆ.

ಫಾಕ್ಸ್ ವಾಹಿನಿಯಲ್ಲಿ 2009ರ ಮೇ ತಿಂಗಳಲ್ಲಿ ಶುರುವಾಗಿ 2015ರ ಮಾರ್ಚ್‌ನಲ್ಲಿ ಮುಗಿದ ಈ ಧಾರಾವಾಹಿ, ಪ್ರತಿ ಕಂತಿನಲ್ಲೂ ನಾಲ್ಕಾರು ಹಳೆಯ, ಹೊಸ ಹಾಡುಗಳನ್ನು ನಟರಿಂದಲೇ ಹಾಡಿಸಿ, ಬೆನ್ನಿಗೇ ಅವನ್ನು ಮಾರಾಟಕ್ಕೆ ಬಿಡುತ್ತಿತ್ತು. ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ಕ್ಕೆ ಏರಿಸಿದ ಹಾಡುಗಳ ಲೆಕ್ಕದಲ್ಲಿ 2010ರ ಅಕ್ಟೋಬರ್‌ನಲ್ಲಿ ಬೀಟಲ್ಸ್ ತಂಡವನ್ನೂ, 2011ರ ಫೆಬ್ರವರಿಯಲ್ಲಿ ಎಲ್ವಿಸ್ ಪ್ರೆಸ್ಲಿಯನ್ನೂ ಈ ನಟವರ್ಗ ಹಿಂದೆ ಹಾಕಿತು. ಅಷ್ಟು ಮಾರಾಟವಾದದ್ದರ ಫಲವನ್ನು ಇಂದು ಉಣ್ಣುತ್ತಿರುವವರು ನನ್ನಂಥವರು. ಹಳೆಯ ಸಾಮಾನಿನ ಅಂಗಡಿಗಳ ಕಪಾಟಿನಲ್ಲಿ ‘ಗ್ಲೀ’ ಸಿ.ಡಿ. ಇಲ್ಲದ ದಿನವಿಲ್ಲ, ಬೆಲೆಯೂ ಎರಡು ಡಾಲರಿನಿಂದ ನಾಲ್ಕು ಡಾಲರಿನ ಒಳಗೇ.

ನನ್ನ ಕಿವಿ ತಯಾರಾದದ್ದು ದಾವಣಗೆರೆಯ ಗಣೇಶೋತ್ಸವದ ಆರ್ಕೆಸ್ಟ್ರಾಗಳ ಮುಂದೆ ಎಂಬುದನ್ನೂ ಇಲ್ಲಿ ಹೇಳಬೇಕು. ರಾಜ್‌ಕುಮಾರ್ ಹಾಡನ್ನು ಹಾಡಿದವನಿಗೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಸಿಗುತ್ತಿದ್ದ ಅತಿ ದೊಡ್ಡ ಮೆಚ್ಚುಗೆ ‘ಅಚ್ಚು ಅಣ್ಣಾವ್ರ ಹಾಗೇ’ ಎಂಬುದು. ಕೊಳಲಿನ ತುಣುಕನ್ನು ಕೀಬೋರ್ಡಿನಲ್ಲಿ ನುಡಿಸಿದರೆ ಮೋಸ ಎಂದು ಗೊಣಗುವವರೂ ಇದ್ದರು. ಬೀದಿಯ ವೇದಿಕೆಗೆ ಆ ಅಳತೆ ಸರಿ, ಏಕೆಂದರೆ ಅಣ್ಣಾವ್ರು ನಮ್ಮ ಬೀದಿಗೆ ಬರುತ್ತಿರಲಿಲ್ಲ. ಆದರೆ ಮೂಲ ಹಾಡಿನ ಸಿ.ಡಿ.ಯೇ ಅದೇ ಕಪಾಟಿನಲ್ಲಿ ಅಷ್ಟೇ ಬೆಲೆಗೆ ಕುಳಿತಿರುವಾಗ, ಅಚ್ಚು ಹಾಗೇ ಹಾಡಿದ್ದನ್ನು ನಾನೇಕೆ ಕೊಳ್ಳಬೇಕು? ಹಾಡನ್ನು ಎಲ್ಲಾದರೂ ಒಂದು ಕಡೆ ಬಿಚ್ಚಿ ಹೊಲಿದಿರಬೇಕು ಎಂಬುದು ನನ್ನ ನಿರೀಕ್ಷೆ.

2009ರ ನವೆಂಬರ್‌ನಲ್ಲಿ ಬಂದ ಮೊದಲನೆಯ ಸಂಪುಟದಲ್ಲಿ 17 ಹಾಡುಗಳಿವೆ, ಮತ್ತು ಅದರ ಮೊದಲ ಹಾಡಿನಲ್ಲೇ ಆ ಹೊಲಿಗೆ ಕಾಣುತ್ತದೆ. ಜರ್ನಿ ತಂಡದ 1981ರ ‘ಡೋಂಟ್ ಸ್ಟಾಪ್ ಬಿಲೀವಿನ್’ ಪಿಯಾನೋದಿಂದ ತೊಡಗುತ್ತದೆ. ಇಲ್ಲಿ ಆ ಪಿಯಾನೋದ ನಡೆಯನ್ನು ಹುಡುಗ ಹುಡುಗಿಯರ ಕಂಠಗಳು ‘ಡ ಡ ಡ’ ಎಂದು ಎತ್ತಿಕೊಳ್ಳುತ್ತವೆ. ಡೇಟನ್ ನಗರದ ವಾಹನಗಳ ನಡುವಿನಿಂದ ಹೊರಬಿದ್ದು ವೇಗ ಹೆಚ್ಚಿಸುವ ಹೊತ್ತಿಗೆ ಆ ಕಂಠಗಳು ಒಂದರ ಮೇಲೊಂದು ಏರುವುದನ್ನು ಕೇಳಿದರೆ, ಹಾಟ್ 100ರಲ್ಲಿ ಇದು ನಾಲ್ಕನೆಯ ಸ್ಥಾನಕ್ಕೆ ಹೋದದ್ದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ. ಕ್ರಿಸ್ಟಿನ್ ಚೆನೊವೆತ್ ಹಾಡಿದ ಎರಡು ಹಾಡುಗಳೂ ಗಟ್ಟಿಯಾಗಿವೆ. ‘ವಿಕೆಡ್’ ನಾಟಕದ ‘ಡಿಫೈಯಿಂಗ್ ಗ್ರಾವಿಟಿ’ಯನ್ನು ಲಿಯಾ ಮಿಶೆಲ್ ಮತ್ತು ಕ್ರಿಸ್ ಕಾಲ್ಫರ್ ಹಂಚಿಕೊಂಡು ಹಾಡಿರುವುದು ಇನ್ನೊಂದು ಒಳ್ಳೆಯ ಕೆಲಸ. ಉಳಿದವುಗಳಲ್ಲಿ ಅರ್ಧಕ್ಕರ್ಧ ಪೆಂಡಾಲಿನ ಹಾಡುಗಳೇ. ಧ್ವನಿಗಳನ್ನು ಕಂಪ್ಯೂಟರಿನಲ್ಲಿ ಅತಿಯಾಗಿ ಉಜ್ಜಿ ನುಣುಪು ಮಾಡಿರುವುದು ಕಾರಿನ ಸಣ್ಣ ಸ್ಪೀಕರಿನಲ್ಲೂ ಗೊತ್ತಾಗುತ್ತದೆ: ಸ್ವರದಿಂದ ಸ್ವರಕ್ಕೆ ಹೋಗುವಾಗ ಇರಬೇಕಾದ ಜಾರು ಇಲ್ಲ, ಮೆಟ್ಟಿಲಿಂದ ಮೆಟ್ಟಿಲಿಗೆ ಕಾಲಿಟ್ಟಂತಿದೆ.

ಇನ್ನು ನನ್ನನ್ನು ಸತಾಯಿಸಿದ ಸಿ.ಡಿ.ಗೆ ಬರುತ್ತೇನೆ. ಮೂರನೆಯ ಸಂಪುಟವಾದ ‘ಶೋಸ್ಟಾಪರ್ಸ್’ 2010ರ ಮೇ ತಿಂಗಳಲ್ಲಿ ಎರಡು ರೂಪದಲ್ಲಿ ಬಂತು. ಸಾಧಾರಣ ಆವೃತ್ತಿಯಲ್ಲಿ 14 ಹಾಡುಗಳು, ಡೀಲಕ್ಸ್ ಆವೃತ್ತಿಯಲ್ಲಿ 20. ಲೈಮಾ ತಲುಪುವವರೆಗೂ ಸಾಕಾಗುವುದು 20 ಹಾಡಿನದೇ ಎಂದು ಲೆಕ್ಕ ಹಾಕಿ, ಆನ್‌ಲೈನಿನಲ್ಲಿ ಹಳೆಯ ಸಿ.ಡಿ. ಮಾರುವ ಒಬ್ಬರಿಂದ ಅದನ್ನು ತರಿಸಿದೆ. ವಿವರದಲ್ಲಿ ‘ಡೀಲಕ್ಸ್’ ಎಂದೇ ಬರೆದಿತ್ತು. ಹಿಂಬದಿಯ ಚಿತ್ರ ಹಾಕಿರಲಿಲ್ಲ, ನಾನೂ ಕೇಳಲಿಲ್ಲ. ಅಂಚೆಯ ಲಕೋಟೆಯನ್ನು ಮನೆಯಲ್ಲಿ ಒಡೆಯದೆ ಹಾಗೇ ಕಾರಿಗೆ ತೆಗೆದುಕೊಂಡು ಹೋದದ್ದು ಎರಡನೆಯ ತಪ್ಪು.

ಈ ದಾರಿಯಲ್ಲಿ ಲೈಮಾಕ್ಕೆ ಮುಂಚೆ ವಾಪಕೊನೆಟಾ ಎಂಬ ಊರು ಸಿಗುತ್ತದೆ. ಅದು ನೀಲ್ ಆರ್ಮ್‌ಸ್ಟ್ರಾಂಗರ ಹುಟ್ಟೂರು. ಅವರ ಹೆಸರಿನ ವಸ್ತುಸಂಗ್ರಹಾಲಯದ ಬಿಳಿ ಗುಮ್ಮಟ ಹೆದ್ದಾರಿಯಿಂದಲೇ ಕಾಣುತ್ತದೆ. ಗುಮ್ಮಟ ಇನ್ನೂ ಕಣ್ಣಿಗೆ ಬೀಳುವ ಮುಂಚೆಯೇ ಹಾಡು ನಿಂತಿತು. ಪ್ಲೇಯರ್ ಕೆಟ್ಟಿತೆಂದು ಗುಂಡಿ ಒತ್ತಿದರೆ ಮತ್ತೆ ಒಂದನೆಯ ಹಾಡು. ಲೈಮಾದಲ್ಲಿ ಕಾರು ನಿಲ್ಲಿಸಿ ಡಬ್ಬಿಯ ಬೆನ್ನನ್ನು ಬೆರಳಿಟ್ಟು ಎಣಿಸಿದೆ: ಹದಿನಾಲ್ಕು. ಎರಡನೆಯ ಸಲ ಎಣಿಸಿದರೂ ಹದಿನಾಲ್ಕೇ.

ಮಾರಿದವರಿಗೆ ಬರೆದೆ. ನಾಲ್ಕು ದಿನದ ನಂತರ ಬಂದ ಉತ್ತರದಲ್ಲಿ, ಸಿ.ಡಿ. ವಾಪಸ್ ಕಳಿಸಿದರೆ ಹಣ ಮರಳಿಸುತ್ತೇವೆ, ಅಂಚೆ ವೆಚ್ಚ ಮಾತ್ರ ನಿಮ್ಮದು ಎಂದಿತ್ತು. ಸಿ.ಡಿ.ಗೆ ಕೊಟ್ಟದ್ದು ನಾಲ್ಕು ಡಾಲರ್. ಅದನ್ನು ವಾಪಸ್ ಕಳಿಸಲು ಹೆಚ್ಚುಕಡಿಮೆ ಅಷ್ಟೇ ಖರ್ಚು. ತಪ್ಪು ನಿಮ್ಮದಾಗಿರುವಾಗ ಅಂಚೆ ವೆಚ್ಚ ನನ್ನದೇಕೆ ಎಂದು ಮತ್ತೆ ಬರೆದೆ. ಮತ್ತೆ ಐದು ದಿನ ಕಾಯಿಸಿ, ಮೊದಲಿನ ಉತ್ತರವನ್ನೇ ಅಕ್ಷರವೂ ಬದಲಾಗದಂತೆ ಕಳಿಸಿದರು. ಊಟದ ಮೇಜಿನ ಮೇಲೆ ಇದನ್ನೆಲ್ಲ ಹೆಂಡತಿಗೆ ವಿವರಿಸಿದಾಗ ಅವಳು ಸಾರು ಬಡಿಸುತ್ತಾ, “ಹಿಂದಿನ ಪಟ್ಟಿ ಎಣಿಸಿ ತಗೋಬಾರದಾಗಿತ್ತೇನ್ರೀ? ತರಕಾರಿ ಆದ್ರೆ ಒಂದೊಂದೂ ತಿರುಗಿಸಿ ನೋಡ್ತೀರಲ್ಲ” ಎಂದಳು. ಅಲ್ಲಿಗೆ ಆ ವ್ಯಾಜ್ಯ ಮುಗಿಯಿತು. ನೀವು ಕೊಳ್ಳುವುದಾದರೆ ವಿವರದಲ್ಲಿರುವ ‘ಡೀಲಕ್ಸ್’ ಎಂಬ ಪದವನ್ನು ನಂಬದೆ, ಹಿಂಬದಿಯ ಚಿತ್ರ ತರಿಸಿ ಹಾಡುಗಳನ್ನು ಎಣಿಸಿಯೇ ದುಡ್ಡು ಕೊಡಿ.

20 ಹಾಡಿನ ಆವೃತ್ತಿಯನ್ನು ಆಮೇಲೆ ಗ್ರಂಥಾಲಯದಿಂದ ತಂದು ಕೇಳಿದೆ, ಆದ್ದರಿಂದ ನನ್ನ ಅಭಿಪ್ರಾಯ ಪೂರ್ತಿ ಸಿಟ್ಟಿನದಲ್ಲ. ಲೇಡಿ ಗಾಗಾ ಅವರ ಕುಣಿತದ ಹಾಡಾದ ‘ಪೋಕರ್ ಫೇಸ್’ ಅನ್ನು ಇಡೀನಾ ಮೆಂಜೆಲ್ ಮತ್ತು ಲಿಯಾ ಮಿಶೆಲ್ ಪಿಯಾನೋದ ಜೊತೆ ನಿಧಾನವಾಗಿ, ತಾಯಿ ಮಗಳು ಮಾತಾಡಿಕೊಂಡಂತೆ ಹಾಡಿರುವುದು ನಾಲ್ಕೂ ಸಿ.ಡಿ.ಗಳಲ್ಲಿ ಅತ್ಯಂತ ಧೈರ್ಯದ ಕೆಲಸ. ಆದರೆ ಸಂಕಲನದ ಹೆಸರಿಗೆ ತಕ್ಕಂತೆ ಪ್ರತಿ ಹಾಡೂ ಚಪ್ಪಾಳೆ ಕೇಳುವ ಎತ್ತರದಲ್ಲೇ ಮುಗಿಯುತ್ತದೆ. ಏರೋಸ್ಮಿತ್ ತಂಡದ ‘ಡ್ರೀಮ್ ಆನ್’ ಹಾಡನ್ನು ನೀಲ್ ಪ್ಯಾಟ್ರಿಕ್ ಹ್ಯಾರಿಸ್ ಮತ್ತು ಮ್ಯಾಥ್ಯೂ ಮಾರಿಸನ್ ಪೈಪೋಟಿಗೆ ಬಿದ್ದು ಕೂಗಿ ಹಾಡುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಧ್ವನಿ ತಗ್ಗಿಸಲು ಹೋಗುತ್ತದೆ.

‘ಜರ್ನಿ ಟು ರೀಜನಲ್ಸ್’ ಕಿರು ಸಿ.ಡಿ.ಯಲ್ಲಿ ಆರೇ ಹಾಡು. ಅರ್ಧ ದಾರಿಗೂ ಮೊದಲೇ ಸಿಗುವ ಪಿಕ್ವಾ ಊರು ಬರುವಷ್ಟರಲ್ಲಿ ಮುಗಿಯುತ್ತದೆ, ಅದರಲ್ಲೂ ಒಂದು ಮತ್ತೆ ‘ಡೋಂಟ್ ಸ್ಟಾಪ್ ಬಿಲೀವಿನ್’.

‘ವಾರ್ಬ್ಲರ್ಸ್’ ಎಂಬುದು ಧಾರಾವಾಹಿಯಲ್ಲಿ ಬರುವ ಡಾಲ್ಟನ್ ಅಕಾಡೆಮಿ ಎಂಬ ಹುಡುಗರ ಶಾಲೆಯ ಗಾಯನ ತಂಡ. ಇಲ್ಲಿನ 13 ಹಾಡುಗಳಲ್ಲಿ ಹೆಚ್ಚಿನವುಗಳ ಮುಂದಾಳು ಡ್ಯಾರನ್ ಕ್ರಿಸ್. ಅವರ ಹಿಂದೆ ತೆರೆಯ ಮೇಲೆ ತುಟಿ ಆಡಿಸುವವರು ನಟರಾದರೂ, ಕೇಳುವ ಕಂಠಗಳು ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಬೀಲ್ಜೆಬಬ್ಸ್ ತಂಡದವು. 1962ರಿಂದ ವಾದ್ಯವಿಲ್ಲದೆ ಹಾಡಿಕೊಂಡು ಬಂದಿರುವ ತಂಡವದು. ಮೊದಲ ಸಂಪುಟದ ಮೊದಲ ಹಾಡಿನಲ್ಲಿ ಕೆಲವು ಕ್ಷಣ ಮಾತ್ರ ಸಿಗುವ ಸುಖ, ಎಂದರೆ ವಾದ್ಯದ ಕೆಲಸವನ್ನು ಗಂಟಲು ಮಾಡುವ ಸುಖ, ಇಲ್ಲಿ ಉದ್ದಕ್ಕೂ ಸಿಗುತ್ತದೆ. ಕೇಟಿ ಪೆರಿ ಅವರ ‘ಟೀನೇಜ್ ಡ್ರೀಮ್’ ಹಾಡಿನಲ್ಲಿ ಮೃದಂಗದ ಕೊನ್ನಕ್ಕೋಲು ಹೇಳುವವರಂತೆ ಒಬ್ಬ ಬಾಯಲ್ಲೇ ತಾಳ ಕೊಡುತ್ತಾನೆ, ಕೆಳಗಿನ ಸ್ಥಾಯಿಯಲ್ಲಿ ಒಬ್ಬ ಬೇಸ್ ಗಿಟಾರಾಗುತ್ತಾನೆ, ನಡುವಿನ ನಾಲ್ಕಾರು ಮಂದಿ ಕೀಬೋರ್ಡಿನ ಹಾಸು ಹಾಸುತ್ತಾರೆ. ಬೀಟಲ್ಸರ ‘ಬ್ಲ್ಯಾಕ್‌ಬರ್ಡ್’ ಮೂಲದಲ್ಲಿ ಒಂದು ಗಿಟಾರು ಮತ್ತು ಕಾಲಿನ ತಾಳದ ಹಾಡು. ಇಲ್ಲಿ ಕ್ರಿಸ್ ಕಾಲ್ಫರ್ ಅವರ ತೆಳು ಧ್ವನಿಯ ಸುತ್ತ ಕಂಠಗಳೇ ಆ ಗಿಟಾರಿನ ಜಾಗ ತುಂಬುತ್ತವೆ. ಈ ಹಾಡುಗಳ ಮೂಲ ಸಿ.ಡಿ. ಮನೆಯಲ್ಲಿದ್ದರೂ ಇದನ್ನು ಕೊಳ್ಳಲು ಕಾರಣ ಇದೆ.

ಕೊರತೆಗಳೂ ಇವೆ. ಡ್ಯಾರನ್ ಕ್ರಿಸ್ ಅವರ ಧ್ವನಿ ಇಷ್ಟವಾಗದವರಿಗೆ ಓಡಿಹೋಗಲು ಇಲ್ಲಿ ಜಾಗವೇ ಇಲ್ಲ, ಹೆಣ್ಣುಕಂಠದ ಕೊರತೆ ಕಾಡುತ್ತದೆ, ನುಣುಪು ಮಾಡುವ ಚಟ ಇಲ್ಲೂ ಹೋಗಿಲ್ಲ. ಒಂದೇ ಸಮನೆ ಕೇಳಿದರೆ ಎಂಟನೆಯ ಹಾಡಿನ ಹೊತ್ತಿಗೆ ಬಾಯಿತಾಳ ಸ್ವಲ್ಪ ಸಾಕೆನಿಸುವುದೂ ನಿಜ.

ಹದಿನಾಲ್ಕು ಹಾಡಿಗೆ ಅಷ್ಟೊಂದು ಜಗಳವಾಡಿದ ನಾನು ಹದಿಮೂರು ಹಾಡಿನದನ್ನು ಮೆಚ್ಚಿರುವುದನ್ನು ಹೆಂಡತಿ ಈಗಾಗಲೇ ಎತ್ತಿ ಆಡಿದ್ದಾಳೆ. ‘ವಾರ್ಬ್ಲರ್ಸ್’ ವಾಪಕೊನೆಟಾದವರೆಗೂ ಬರುವುದಿಲ್ಲ. ಹೋಂಡಾ ಎಂಜಿನ್ ಕಾರ್ಖಾನೆಯಿರುವ ಆನಾ ಊರಿನ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಮೂರು ಡಾಲರಿಗೆ ತಂದದ್ದು. ಮುಗಿದ ಮೇಲೆ ಪ್ಲೇಯರ್ ತಾನಾಗಿಯೇ ಒಂದನೆಯ ಹಾಡಿಗೆ ಹೋಗುವಂತೆ ಗುಂಡಿ ಒತ್ತಿಟ್ಟಿದ್ದೇನೆ, ಗುಮ್ಮಟ ಕಾಣುವಾಗ ಎರಡನೆಯ ಸುತ್ತಿನ ಮೂರನೆಯ ಹಾಡೋ ನಾಲ್ಕನೆಯದೋ ನಡೆಯುತ್ತಿರುತ್ತದೆ. ಉಳಿದ ಮೂರೂ ಕಾರಿನ ಡಿಕ್ಕಿಯಲ್ಲಿವೆ.