ಲಾಂಗ್ ಆ್ಯಕ್ಟಿಂಗ್ ಸೂಜಿ ಹಾಕಿ ‘ಹಾಲ ಡೇರಿಗೆ ಹಾಕ್ರಿ’ ಎನ್ನುವವರ ಬಗ್ಗೆ ಎಚ್ಚರವಿರಲಿ

ಜಮಖಂಡಿ ಸುತ್ತಲಿನ ಊರುಗಳಲ್ಲಿ ಹೈನು ಕಟ್ಟಿದವರೆಲ್ಲರೂ ಇದನ್ನು ದಯವಿಟ್ಟು ಓದಬೇಕು. ಪಶುವೈದ್ಯರಲ್ಲದಿದ್ದರೂ ಬೈಕಿನಲ್ಲಿ ತಿರುಗಿ ದನಗಳಿಗೆ ಸೂಜಿ ಮಾಡುವ ಒಬ್ಬರಿಂದಾಗಿ ನಮ್ಮ ಮನೆಯ ಹಾಲು ಡೇರಿಯಲ್ಲಿ ಎಲ್ಲರೆದುರು ವಾಪಸಾಯಿತು.

ಎಮ್ಮೆಗೆ ಕೆಚ್ಚಲು ಬಾವು ಆಗಿತ್ತು. ಅವರು ತೂಕ ವಿಚಾರಿಸಲಿಲ್ಲ, ತೂಕ ಅಂದಾಜು ಮಾಡಲು ಎದೆಯ ಸುತ್ತಳತೆಯನ್ನೂ ತೆಗೆಯಲಿಲ್ಲ; ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನ ಲಾಂಗ್ ಆ್ಯಕ್ಟಿಂಗ್ (ದಿನಗಟ್ಟಲೆ ಕೆಲಸ ಮಾಡುವ) ಔಷಧವನ್ನು 20 ಮಿ.ಲೀ. ಏರಿಸಿ ಚುಚ್ಚಿಬಿಟ್ಟರು. ಹಾಲನ್ನು ಏನು ಮಾಡಬೇಕೆಂದು ನಾನು ಒತ್ತಿ ಕೇಳಿದೆ. “ಏನೂ ಆಗಂಗಿಲ್ರಿ, ಸಂಜೀ ಹಾಲ ಡೇರಿಗೆ ಹಾಕ್ರಿ” ಎಂದರು. ಬಾಟಲಿ ಕೇಳಿದರೆ ಚೀಲಕ್ಕೆ ಸೇರಿಸಿಕೊಂಡು, ದುಡ್ಡು ಎಣಿಸಿಕೊಂಡು ಹೊರಟರು.

ಡೇರಿಯ ಪರೀಕ್ಷೆಯಲ್ಲಿ ಆ್ಯಂಟಿಬಯೋಟಿಕ್ ಇದೆಯೆಂದು ಬಂತು. ಸಾಲಿನಲ್ಲಿ ನಿಂತ ನೆರೆಹೊರೆಯವರು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಫೋನ್ ಮಾಡಿದಾಗ ಅವರು ಹೇಳಿದ್ದು: “ನಾ ಎಷ್ಟ ವರ್ಷದಿಂದ ಸೂಜಿ ಮಾಡಾಕತ್ತೀನ್ರಿ, ಯಾರ ಹಾಲೂ ವಾಪಸ್ ಬಂದಿಲ್ಲ.” ಮತ್ತೆ ಕೇಳಿದ್ದಕ್ಕೆ, “ನಿಮ್ಮ ಎಮ್ಮಿ ಮೈಯಾಗ ಔಷಧ ಕೂತ್ರ ನಾ ಏನ ಮಾಡ್ಲಿ?” ಎಂದರು. ಔಷಧ ಮೈಯಲ್ಲಿ ಕೂರಲೆಂದೇ ಆ ಸೂಜಿಯನ್ನು ತಯಾರಿಸಿರುತ್ತಾರೆ! ಅದು ಸ್ನಾಯುವಿನಲ್ಲಿ ನಿಂತು ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ, ರಕ್ತದಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ಹಾಲಿಗೆ ಬರುತ್ತದೆ, ಹಾಲನ್ನು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಇಷ್ಟೂ ಗೊತ್ತಿಲ್ಲದವರು ಸೂಜಿ ಹಿಡಿಯುವುದಾದರೂ ಹೇಗೆ?

ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ಲೆಕ್ಕ ಹಾಕಿ ತೋರಿಸಿದಾಗ ನನ್ನ ಸಿಟ್ಟು ಇನ್ನೂ ಏರಿತು. ಒಂದು ಮಿ.ಲೀ.ನಲ್ಲಿ 200 ಮಿ.ಗ್ರಾಂ ಇರುವ ಆ ಔಷಧವನ್ನು ಒಂದು ಕಿಲೋ ತೂಕಕ್ಕೆ 20 ಮಿ.ಗ್ರಾಂನಂತೆ ಕೊಡಬೇಕು, ಅಂದರೆ 20 ಮಿ.ಲೀ. ಸಾಲುವುದು 200 ಕಿಲೋದ ಕರುವಿಗೆ. ನಮ್ಮದು 400 ಕಿಲೋ ಮೀರಿದ ಎಮ್ಮೆ. ಬಾವು ಇಳಿಯಲಿಲ್ಲ, ಹಾಲೂ ಕೆಟ್ಟಿತು, ದುಡ್ಡೂ ಹೋಯಿತು. ಅರೆಬರೆ ಡೋಸಿಗೆ ಸಾಯದೆ ಉಳಿಯುವ ರೋಗಾಣುಗಳು ಮುಂದೆ ಅದೇ ಔಷಧಕ್ಕೆ ಜಗ್ಗದಂತಾಗುವ ಭಯ ಬೇರೆ.

ಔಷಧದ ಲೇಬಲ್ ಮೇಲೆ, ಕೊಟ್ಟ ನಂತರ ಎಷ್ಟು ದಿನ ಹಾಲನ್ನು ಬಳಸಬಾರದು ಎಂಬ ಅವಧಿಯನ್ನು ಬರೆದಿರಬೇಕೆಂದು ನಮ್ಮ ದೇಶದಲ್ಲಿ 2012ರಿಂದ ನಿಯಮವಿದೆ. ಆ ಅವಧಿ ನಿಗದಿಯಾಗಿರದ ಔಷಧಕ್ಕೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನ. ಬಾಟಲಿ ತೋರಿಸದವರಿಂದ ಸೂಜಿ ಮಾಡಿಸಬೇಡಿ, ತೂಕ ಕೇಳದವರನ್ನು ಕೊಟ್ಟಿಗೆಯೊಳಗೆ ಬಿಡಬೇಡಿ. ನಮ್ಮ ದುಡ್ಡನ್ನು ಅವರು ಇನ್ನೂ ಹಿಂದಿರುಗಿಸಿಲ್ಲ. ಈಗ ಫೋನನ್ನೂ ಎತ್ತುತ್ತಿಲ್ಲ.